ಪೆಕಿನ್‌ಪಾನ ಇರುವೆ, ಗಬ್ಬರನ ಇರುವೆ

‘ಶೋಲೆ’ಯಲ್ಲಿ ಒಂದು ಇರುವೆ ಸಾಯುತ್ತದೆ. ಇಮಾಮ್ ಸಾಹೇಬರ ಮಗ ಅಹ್ಮದನನ್ನು ಡಕಾಯಿತರು ಹಿಡಿದು ತಂದಿದ್ದಾರೆ. ಗಬ್ಬರ್ ಸಿಂಗ್ ಆರಾಮಾಗಿ ಒರಗಿಕೊಂಡಿದ್ದಾನೆ, ತೋಳಿನ ಮೇಲೆ ಇರುವೆಯೊಂದು ಹರಿಯುತ್ತಿದೆ. ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾನೆ, ಪಟ್ಟನೆ ಹೊಡೆಯುತ್ತಾನೆ. ಆಮೇಲೆ ನಮಗೆ ಕಾಣುವುದು ಕುದುರೆಯೊಂದು ಊರಿಗೆ ಹೊತ್ತು ತರುವ ಹುಡುಗನ ಹೆಣ. ಹುಡುಗ ಸತ್ತದ್ದನ್ನು ನಾವು ನೋಡುವುದಿಲ್ಲ, ಇರುವೆ ಸತ್ತದ್ದನ್ನು ನೋಡಿರುತ್ತೇವೆ. ಅಷ್ಟು ಸಾಕಾಗುತ್ತದೆ.

ಇದಕ್ಕೆ ಆರು ವರ್ಷ ಮೊದಲು, 1969ರಲ್ಲಿ, ಸ್ಯಾಮ್ ಪೆಕಿನ್‌ಪಾನ ‘ದಿ ವೈಲ್ಡ್ ಬಂಚ್’ ಶುರುವಾಗಿದ್ದೂ ಇರುವೆಗಳಿಂದಲೇ. ಸೈನಿಕರ ಸಮವಸ್ತ್ರ ತೊಟ್ಟ ದರೋಡೆಕೋರರು ಕುದುರೆ ಮೇಲೆ ಊರೊಳಗೆ ಬರುತ್ತಿದ್ದಾರೆ. ದಾರಿಯ ಪಕ್ಕ ಒಂದಷ್ಟು ಮಕ್ಕಳು ಕಡ್ಡಿಗಳಿಂದ ಬೇಲಿ ಕಟ್ಟಿ, ಕೆಂಪಿರುವೆಗಳ ರಾಶಿಯೊಳಗೆ ಚೇಳು ಬಿಟ್ಟು ನೋಡುತ್ತಿವೆ. ಸಾವಿರಾರು ಇರುವೆಗಳು ಚೇಳನ್ನು ಮುತ್ತಿಕೊಂಡಿವೆ. ಮಕ್ಕಳು ನಗುತ್ತಿವೆ. ಒಳ್ಳೆಯ ಬಟ್ಟೆ ಹಾಕಿಕೊಂಡ, ಯಾರದೋ ಮನೆಯ ಮುದ್ದು ಮಕ್ಕಳು. ಸ್ವಲ್ಪ ಹೊತ್ತಿನ ಮೇಲೆ ಅವೇ ಮಕ್ಕಳು ಇರುವೆ ಚೇಳು ಎರಡರ ಮೇಲೂ ಒಣಹುಲ್ಲು ಹಾಕಿ ಬೆಂಕಿ ಇಡುತ್ತವೆ.

ಈ ಎರಡು ಇರುವೆಗಳ ನಡುವಿನ ದೂರವೇ ನನ್ನ ಈ ಬರಹದ ವಿಷಯ. ಗಬ್ಬರ್ ಇರುವೆ ಕೊಂದಾಗ ಕೊಂದವನು ಯಾರು ಅನ್ನುವುದು ನಮಗೆ ಸ್ಪಷ್ಟ. ಅವನು ದುಷ್ಟ, ನಾವಲ್ಲ. ಪೆಕಿನ್‌ಪಾನ ಇರುವೆಗಳ ಮುಂದೆ ಹಾಗೆ ನಿರಾಳವಾಗಿ ಕೂರಲು ಆಗುವುದಿಲ್ಲ. ಅಲ್ಲಿ ದುಷ್ಟರಿಲ್ಲ, ನೋಡುವವರಿದ್ದಾರೆ. ನಾನು ಪಿಎಚ್‌ಡಿಗೆ ಕೆಲಸ ಮಾಡುತ್ತಿರುವುದು ಸಿನಿಮಾದ ಹಿಂಸೆ ಮತ್ತು ಅದನ್ನು ನೋಡುವವರ ಬಗ್ಗೆ. ಹೀಗಾಗಿ ಈತನ ಹದಿನಾಲ್ಕು ಸಿನಿಮಾಗಳನ್ನೂ ನೋಡಿದ್ದೇನೆ, ಕೆಲವನ್ನು ಬೇಡ ಅನ್ನಿಸುವಷ್ಟು ಸಲ. ಹೆಣ್ಣುಮಗಳಾಗಿ ಈ ಮನುಷ್ಯನ ಮೇಲೆ ಯಾಕೆ ಕೆಲಸ ಮಾಡ್ತೀಯ ಅಂತ ಸೆಮಿನಾರುಗಳಲ್ಲಿ ಕೇಳುವವರಿದ್ದಾರೆ. ಗಂಡಸರಿಗೆ ಆ ಪ್ರಶ್ನೆ ಕೇಳಿದ್ದು ನಾನು ಕೇಳಿಲ್ಲ. ಆದರೂ ಪ್ರಶ್ನೆ ಸುಳ್ಳಲ್ಲ, ಅದಕ್ಕೆ ಉತ್ತರ ಕೊಡಬೇಕು.

‘ವೆಸ್ಟರ್ನ್’ ಅಂದರೆ ಪಾಶ್ಚಾತ್ಯ ಸಿನಿಮಾ ಅಂದುಕೊಳ್ಳುವವರಿಗಾಗಿ ಒಂದು ಮಾತು. ಇದು ಅಮೆರಿಕದ ಪಶ್ಚಿಮ ಭಾಗದ, ಕುದುರೆ, ಬಂದೂಕು, ದನದ ಹಿಂಡುಗಳ ಕಾಲದ ಕತೆ. ನಮ್ಮ ಕಡೆ ಕೌಬಾಯ್ ಪಿಕ್ಚರ್ ಅನ್ನುತ್ತಾರೆ. ದಕ್ಷಿಣಕ್ಕೆ ಅದನ್ನು ತಂದವರಲ್ಲಿ ಮುಖ್ಯರು ಕೆ.ಎಸ್.ಆರ್. ದಾಸ್. 1971ರಲ್ಲಿ ತೆಲುಗಿನಲ್ಲಿ ಕೃಷ್ಣ ಅವರ ತಲೆಗೆ ಟೋಪಿ ಇಟ್ಟು, ರಾಜಸ್ಥಾನದ ಮರುಭೂಮಿಗೆ ಹೋಗಿ ‘ಮೋಸಗಾಳ್ಳಕು ಮೋಸಗಾಡು’ ಮಾಡಿದರು. ಕನ್ನಡದಲ್ಲಿ ವಿಷ್ಣುವರ್ಧನ್, ದ್ವಾರಕೀಶ್ ಜೋಡಿಯ ‘ಕಳ್ಳ ಕುಳ್ಳ’ ನಿರ್ದೇಶಿಸಿದವರೂ ಅವರೇ. ಅವರ ಬಗ್ಗೆ ಯಾರಾದರೂ ಒಳ್ಳೆಯ ಪುಸ್ತಕ ಬರೆಯಬೇಕು. ಆದರೆ ದಾಸ್ ಅವರಿಗೆ, ಸಿಪ್ಪಿ ಅವರಿಗೆ, ಇವತ್ತಿನ ನಮ್ಮ ಆ್ಯಕ್ಷನ್ ನಿರ್ದೇಶಕರಿಗೆ ವೆಸ್ಟರ್ನ್ ಎಂಬುದು ಸಿದ್ಧವಾಗಿ ಸಿಕ್ಕ ಒಂದು ಉಡುಪು. ಪೆಕಿನ್‌ಪಾಗೆ ಅದು ಮಾರಿಹೋದ ಮನೆ.

ಇದು ಬರೀ ಮಾತಿಗೆ ಹೇಳುತ್ತಿರುವುದಲ್ಲ. 1925ರ ಫೆಬ್ರವರಿ 21ರಂದು ಕ್ಯಾಲಿಫೋರ್ನಿಯಾದ ಫ್ರೆಸ್ನೊದಲ್ಲಿ ಹುಟ್ಟಿದ ಸ್ಯಾಮ್‌ನ ತಾಯಿಯ ತಂದೆ ಡೆನ್ವರ್ ಚರ್ಚ್ ಸಂಸತ್ ಸದಸ್ಯರಾಗಿದ್ದವರು, ನ್ಯಾಯಾಧೀಶರಾಗಿದ್ದವರು. ಸಿಯೆರಾ ನೆವಾಡ ಬೆಟ್ಟಗಳ ತಪ್ಪಲಲ್ಲಿ ಅವರದ್ದೊಂದು ದನಗಾವಲಿನ ಜಮೀನಿತ್ತು. ತಂದೆಯ ಕಡೆಯವರು ಅದೇ ಸೀಮೆಯಲ್ಲಿ ಮರದ ಮಿಲ್ಲು ನಡೆಸಿದವರು, ಅವರ ಹೆಸರಿನ ಬೆಟ್ಟವೇ ಅಲ್ಲಿದೆ. ಹುಡುಗ ರಜೆಗಳನ್ನೆಲ್ಲ ಅಜ್ಜನ ಜಮೀನಿನಲ್ಲಿ ಕಳೆದ. ಆಮೇಲೆ ಮನೆಯವರು ಆ ಜಮೀನು ಮಾರಿದರು. ಅವನು ಅದನ್ನು ಕೊನೆಯವರೆಗೂ ಮರೆಯಲಿಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ನೌಕಾ ಪದಾತಿ ಸೇರಿ, ಯುದ್ಧ ಮುಗಿದ ಮೇಲೆ ಜಪಾನಿ ಸೈನಿಕರನ್ನು ಊರಿಗೆ ಕಳಿಸುವ ಕೆಲಸಕ್ಕಾಗಿ ಚೀನಾದಲ್ಲಿದ್ದ. ವಾಪಸು ಬಂದು ನಾಟಕ ಓದಿದ, ಡಾನ್ ಸೀಗಲ್ ಬಳಿ ಕೆಲಸ ಕಲಿತ, ಟಿವಿಗೆ ಕೌಬಾಯ್ ಕತೆಗಳನ್ನು ಬರೆದ. 1961ರಲ್ಲಿ ಮೊದಲ ಸಿನಿಮಾ. ಅದನ್ನು ಬಿಟ್ಟರೂ ನಷ್ಟವಿಲ್ಲ.

1962ರ ‘ರೈಡ್ ದಿ ಹೈ ಕಂಟ್ರಿ’ಯನ್ನು ಬಿಡಬಾರದು. ಇಬ್ಬರು ಮುದಿ ಕಾವಲುಗಾರರು, ಜೋಯೆಲ್ ಮೆಕ್‌ಕ್ರೇ ಮತ್ತು ರ‍್ಯಾಂಡಾಲ್ಫ್ ಸ್ಕಾಟ್, ಗಣಿ ಶಿಬಿರದಿಂದ ಚಿನ್ನ ಇಳಿಸಿಕೊಂಡು ಬರಲು ಬೆಟ್ಟ ಹತ್ತುತ್ತಾರೆ. ಒಬ್ಬನಿಗೆ ಅದನ್ನು ಕದಿಯುವ ಆಸೆ. ಇನ್ನೊಬ್ಬನ ಅಂಗಿಯ ಕೈಪಟ್ಟಿ ಸವೆದಿದೆ, ಕಾಗದ ಓದಲು ಕನ್ನಡಕ ಬೇಕು, ಅದನ್ನು ಬೇರೆಯವರ ಮುಂದೆ ಹಾಕಿಕೊಳ್ಳಲು ನಾಚಿಕೆ. ವಿಮರ್ಶಕರೆಲ್ಲ ಈ ಮುದುಕರ ಬಗ್ಗೆ ಬರೆದಿದ್ದಾರೆ. ನಾನು ಮತ್ತೆ ಮತ್ತೆ ನೋಡುವುದು ನಡುವೆ ಬರುವ ಒಂದು ಮದುವೆಯನ್ನು. ಎಲ್ಸಾ ಅನ್ನುವ ಹುಡುಗಿ ಅಪ್ಪನ ಕಾಟ ತಾಳದೆ ಮನೆಬಿಟ್ಟು ಬಂದು ಗಣಿಯಲ್ಲಿ ಕೆಲಸ ಮಾಡುವ ಬಿಲ್ಲಿಯನ್ನು ಮದುವೆಯಾಗುತ್ತಾಳೆ. ಮದುವೆ ನಡೆಯುವುದು ವೇಶ್ಯಾಗೃಹದಲ್ಲಿ. ಮಂತ್ರ ಹೇಳುವ ನ್ಯಾಯಾಧೀಶ ಕುಡಿದಿದ್ದಾನೆ. ಮದುಮಗಳ ಸುತ್ತ ಬಿಲ್ಲಿಯ ಅಣ್ಣತಮ್ಮಂದಿರು ನಿಂತಿದ್ದಾರೆ, ಅವಳು ತಮಗೆಲ್ಲರಿಗೂ ಬಂದವಳು ಎಂಬಂತೆ. ಕ್ಯಾಮೆರಾ ಎಲ್ಸಾಳ ಕಣ್ಣಿನ ಜಾಗಕ್ಕೆ ಹೋಗಿ ಆ ಮುಖಗಳನ್ನು ಒಂದೊಂದಾಗಿ ತೋರಿಸುತ್ತದೆ. ತಾನು ಎಲ್ಲಿಗೆ ಬಂದು ಸಿಕ್ಕಿಕೊಂಡೆ ಎಂಬುದು ಅವಳಿಗೆ ಹೊಳೆಯುವ ಕ್ಷಣದಲ್ಲೇ ನಮಗೂ ಹೊಳೆಯುತ್ತದೆ. ಹೆಣ್ಣಿನ ಭಯವನ್ನು ಹೆಣ್ಣಿನ ಕಡೆಯಿಂದಲೇ ನೋಡಲು ಈ ನಿರ್ದೇಶಕನಿಗೆ ಬರುತ್ತಿತ್ತು ಅನ್ನುವುದಕ್ಕೆ ಇದು ಸಾಕ್ಷಿ. ಈ ಸಾಕ್ಷಿಯನ್ನು ನೆನಪಿಟ್ಟುಕೊಂಡು ಮುಂದೆ ಹೋಗೋಣ, ಮುಂದೆ ಬೇಕಾಗುತ್ತದೆ.

ಆಮೇಲಿನದು ಜಗಳಗಳ ಕಾಲ. 1965ರ ‘ಮೇಜರ್ ಡಂಡಿ’ಯನ್ನು ಕಂಪನಿಯವರು ಕತ್ತರಿಸಿದರು. ‘ದಿ ಸಿನ್ಸಿನಾಟಿ ಕಿಡ್’ ಶುರುವಾಗುತ್ತಿದ್ದಂತೆ ಇವನನ್ನೇ ತೆಗೆದುಹಾಕಿದರು. ಮೂರ್ನಾಲ್ಕು ವರ್ಷ ಸಿನಿಮಾ ಕೆಲಸ ಸಿಗಲಿಲ್ಲ. ಅಲ್ಲಿಂದ ಎದ್ದು ಬಂದು ಮೆಕ್ಸಿಕೊದ ಪಾರ್ರಾಸ್ ಎಂಬಲ್ಲಿ ಮಾಡಿದ್ದು ‘ದಿ ವೈಲ್ಡ್ ಬಂಚ್’.

ಕತೆ 1913ರದ್ದು. ಕುದುರೆಯ ಕಾಲ ಮುಗಿದು ಮೋಟಾರು ಬಂದಿದೆ. ವಯಸ್ಸಾದ ದರೋಡೆಕೋರರು ರೈಲ್ವೆ ಕಂಪನಿಯ ದುಡ್ಡು ದೋಚಲು ಹೋಗಿ, ಕಂಪನಿಯವರೇ ಬಾಡಿಗೆಗೆ ತಂದ ಬಂದೂಕುಗಳ ನಡುವೆ ಸಿಕ್ಕಿಬೀಳುತ್ತಾರೆ. ಆ ಹೊತ್ತಿಗೆ ಬೀದಿಯಲ್ಲಿ ಪಾನನಿಷೇಧ ಸಂಘದವರ ಮೆರವಣಿಗೆ, ಬ್ಯಾಂಡು, ಹೆಂಗಸರು, ಮುದುಕರು. ಎರಡೂ ಕಡೆಯವರ ಗುಂಡಿಗೆ ಸಾಯುವವರು ಅವರೇ.

ಇಲ್ಲಿ ಪೆಕಿನ್‌ಪಾ, ಛಾಯಾಗ್ರಾಹಕ ಲೂಸಿಯನ್ ಬ್ಯಾಲರ್ಡ್ ಮತ್ತು ಸಂಕಲನಕಾರ ಲೂ ಲೊಂಬಾರ್ಡೊ ಸೇರಿ ಮಾಡಿದ್ದನ್ನು ಬಿಡಿಸಿ ಹೇಳಬೇಕು. ಒಂದೇ ಘಟನೆಯನ್ನು ಹಲವು ಕ್ಯಾಮೆರಾಗಳಲ್ಲಿ, ಬೇರೆ ಬೇರೆ ವೇಗದಲ್ಲಿ ಚಿತ್ರೀಕರಿಸಿದರು. ಇಡೀ ಸಿನಿಮಾದಲ್ಲಿ 3,600ರಷ್ಟು ಕಟ್‌ಗಳಿವೆ ಎಂಬ ಲೆಕ್ಕ ಪ್ರಸಿದ್ಧ. ಆದರೆ ಸಂಖ್ಯೆಗಿಂತ ಮುಖ್ಯವಾದದ್ದು ಜೋಡಣೆ. ನಿಧಾನಗತಿಯಲ್ಲಿ ಸಾಯುವುದನ್ನು ಕುರೊಸಾವಾ 1954ರ ‘ಸೆವೆನ್ ಸಮುರಾಯ್’ನಲ್ಲೇ ತೋರಿಸಿದ್ದ. ಪೆಕಿನ್‌ಪಾ ಆ ನಿಧಾನವನ್ನು ಸಾಮಾನ್ಯ ವೇಗದ ನಡುವೆ ಚೂರು ಚೂರಾಗಿ ಸೇರಿಸಿದ. ಮಾಳಿಗೆಯಿಂದ ಒಬ್ಬ ಬೀಳತೊಡಗುತ್ತಾನೆ. ಅಷ್ಟರಲ್ಲಿ ಬೀದಿಯಲ್ಲಿ ಕುದುರೆ ಓಡುತ್ತದೆ, ಇನ್ನೊಬ್ಬ ಗುಂಡು ತುಂಬುತ್ತಾನೆ, ಹೆಂಗಸೊಬ್ಬಳು ಕಿರುಚುತ್ತಾಳೆ, ಮತ್ತೆ ನೋಡಿದರೆ ಅವನು ಇನ್ನೂ ಬೀಳುತ್ತಲೇ ಇದ್ದಾನೆ. ಗಲಾಟೆ ತನ್ನ ವೇಗದಲ್ಲಿ ನಡೆದಿದೆ, ಸಾಯುವವನಿಗೆ ಮಾತ್ರ ಸಮಯ ಬೇರೆ. ಕೊಲ್ಲುವುದಕ್ಕೆ ಅರೆಕ್ಷಣ ಸಾಕು, ಸಾಯುವುದಕ್ಕೆ ಹೊತ್ತು ಹಿಡಿಯುತ್ತದೆ. ಅಲ್ಲಿಯವರೆಗಿನ ವೆಸ್ಟರ್ನ್‌ಗಳಲ್ಲಿ ಗುಂಡು ತಗುಲಿದವನು ಎದೆ ಹಿಡಿದುಕೊಂಡು ಚೊಕ್ಕವಾಗಿ ಬೀಳುತ್ತಿದ್ದ, ಅಂಗಿಗೆ ಕಲೆಯೂ ಆಗುತ್ತಿರಲಿಲ್ಲ. ಆ ಸುಳ್ಳನ್ನು ಈ ಜೋಡಣೆ ಮುಗಿಸಿತು. ಅಮೆರಿಕ ಆಗ ವಿಯೆಟ್ನಾಮಿನಲ್ಲಿತ್ತು. ಸಿನಿಮಾ ಬಂದ ವರ್ಷವೇ, ನವೆಂಬರಿನಲ್ಲಿ, ಮಿ ಲಾಯ್ ಹತ್ಯಾಕಾಂಡದ ಸುದ್ದಿ ಹೊರಬಿತ್ತು.

ಜೊತೆಗೆ ಮಕ್ಕಳು. ಎಲ್ಲ ಕೊಲೆಗಳ ಅಂಚಿನಲ್ಲೂ ಪೆಕಿನ್‌ಪಾ ಒಂದು ಮಗುವನ್ನು ನಿಲ್ಲಿಸಿರುತ್ತಾನೆ. ಮಕ್ಕಳು ಗೋಡೆಗೆ ಒರಗಿ ನೋಡುತ್ತವೆ, ಆಮೇಲೆ ಅದನ್ನೇ ಆಟ ಆಡುತ್ತವೆ. ಕೊನೆಗೆ ನಾಯಕ ಪೈಕ್ ಸಾಯುವುದು ಸೈನಿಕರ ಬಟ್ಟೆ ಹಾಕಿಕೊಂಡ ಒಬ್ಬ ಹುಡುಗನ ಗುಂಡಿಗೆ. ಮೆಷಿನ್‌ಗನ್ನಿನ ವಿಷಯವನ್ನೂ ಗಮನಿಸಿ. ಕೊನೆಯ ಕಾಳಗದಲ್ಲಿ ಅದು ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗುತ್ತದೆ, ಹಿಡಿದವನನ್ನು ಅಲ್ಲಾಡಿಸುತ್ತದೆ, ಹಿಡಿದವರಾರೂ ಉಳಿಯುವುದಿಲ್ಲ. ನಮ್ಮ ‘ಕೆಜಿಎಫ್ ಚಾಪ್ಟರ್ 2’ರಲ್ಲಿ ರಾಕಿ ಪೊಲೀಸ್ ಠಾಣೆಯ ಮುಂದೆ ನಿಂತು ‘ದೊಡ್ಡಮ್ಮ’ ಎಂಬ ಮೆಷಿನ್‌ಗನ್ ಚಲಾಯಿಸಿ, ಕಾದು ಕೆಂಪಾದ ನಳಿಗೆಗೆ ತಾಗಿಸಿ ಸಿಗರೇಟು ಹಚ್ಚುತ್ತಾನೆ. ಚಿತ್ರಮಂದಿರದಲ್ಲಿ ಶಿಳ್ಳೆ ಬಿದ್ದಿದ್ದನ್ನು ನಾನೂ ಕೇಳಿದ್ದೇನೆ, ನನಗೂ ಮೈ ಜುಮ್ಮೆಂದಿತ್ತು. ಅದನ್ನು ಬಚ್ಚಿಟ್ಟರೆ ಈ ಸಂಶೋಧನೆಗೆ ಅರ್ಥವಿಲ್ಲ. ಆದರೆ ಒಂದು ಕಡೆ ಬಂದೂಕು ಮನುಷ್ಯನನ್ನು ನಡೆಸುತ್ತದೆ, ಇನ್ನೊಂದು ಕಡೆ ಮನುಷ್ಯನಿಗೆ ಅದು ಒಡವೆ. ಇಂದು ನಮ್ಮಲ್ಲಿ ನಿಧಾನಗತಿ ಉಳಿದಿರುವುದು ನಾಯಕ ಕಾರಿನಿಂದ ಇಳಿಯುವುದಕ್ಕೆ.

ಈ ಬದಲಾವಣೆ ಶುರುವಾದದ್ದು ಎಲ್ಲಿ ಎಂದು ಹುಡುಕಿದರೆ ದಾರಿ ರಾಮನಗರಕ್ಕೇ ಬರುತ್ತದೆ. 1973ರ ಅಕ್ಟೋಬರಿನಲ್ಲಿ ರಮೇಶ್ ಸಿಪ್ಪಿ ಅಲ್ಲಿನ ಬಂಡೆಗಳ ನಡುವೆ ಚಿತ್ರೀಕರಣ ಶುರುಮಾಡಿದರು. ಕಲಾನಿರ್ದೇಶಕ ರಾಮ್ ಯೇಡೇಕರ್ ರಾಮಗಢ ಎಂಬ ಊರನ್ನೇ ಕಟ್ಟಿದರು. ರಸ್ತೆ ಮಾಡಿದರು, ಆ ಜಾಗಕ್ಕೆ ಸಿಪ್ಪಿ ನಗರ ಎಂಬ ಹೆಸರೂ ಬಂತು. ಆ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಅಭಯಧಾಮ. ಬೆಂಗಳೂರು ಮೈಸೂರು ರೈಲಿನಲ್ಲಿ ಕೂತು ಆ ಬಂಡೆಗಳನ್ನು ನೋಡುವಾಗೆಲ್ಲ ನನಗೆ ಅನ್ನಿಸುವುದು, ಬಂಡೆ ನಮ್ಮದು, ಊರು ಮಾತ್ರ ಎಲ್ಲಿಯದೂ ಅಲ್ಲ ಎಂದು. ರಾಮಗಢದಲ್ಲಿ ಯಾರ ಹೊಲದಲ್ಲಿ ಏನು ಬೆಳೆಯುತ್ತದೆ, ಮಳೆ ಆಯಿತೇ ಇಲ್ಲವೇ, ಯಾರಿಗೆ ಯಾರ ಮೇಲೆ ಸಾಲ ಎಂಬುದೊಂದೂ ಗೊತ್ತಾಗುವುದಿಲ್ಲ. ನೀರಿನ ಟ್ಯಾಂಕು ಇದೆ, ವೀರು ಅದರ ಮೇಲೆ ಹತ್ತಿ ಕುಡಿದು ಕೂಗಾಡುವುದಕ್ಕೆ.

‘ಶೋಲೆ’ ಸಣ್ಣ ಸಿನಿಮಾ ಅಂತ ನಾನು ಹೇಳುತ್ತಿಲ್ಲ. ಠಾಕೂರನ ಮನೆಯ ಕೊಲೆಗಳ ದೃಶ್ಯಕ್ಕೆ ಲಿಯೋನೆಯ ‘ಒನ್ಸ್ ಅಪಾನ್ ಎ ಟೈಮ್ ಇನ್ ದಿ ವೆಸ್ಟ್’ನ ಋಣವಿದೆ, ಗುಂಡಿನ ಕಾಳಗಗಳಿಗೆ ಪೆಕಿನ್‌ಪಾನ ಋಣವಿದೆ. ಹಾಗಿದ್ದೂ ಗಾಳಿಗೆ ಹೆಣಗಳ ಮೇಲಿನ ಬಿಳಿ ಬಟ್ಟೆ ಹಾರುವ ಹೊತ್ತಿಗೆ ಅದು ಸಿಪ್ಪಿಯವರದ್ದೇ ಆಗಿಬಿಡುತ್ತದೆ. ಮೂಲ ಅಂತ್ಯದಲ್ಲಿ ಠಾಕೂರ್ ಮೊಳೆ ಹೊಡೆದ ಬೂಟಿನಿಂದ ಗಬ್ಬರನನ್ನು ತುಳಿದು ಕೊಲ್ಲುತ್ತಾನೆ. ತುರ್ತುಪರಿಸ್ಥಿತಿಯ ಕಾಲ. ಪೊಲೀಸು ಅಧಿಕಾರಿಯಾಗಿದ್ದವನು ಕಾನೂನನ್ನು ಕಾಲಿಗೆ ತೆಗೆದುಕೊಳ್ಳಬಾರದು ಎಂದು ಸೆನ್ಸಾರಿನವರು ಹಟ ಹಿಡಿದರು. ಅಂತ್ಯವನ್ನು ಮತ್ತೆ ಚಿತ್ರೀಕರಿಸಿ, ಪೊಲೀಸರು ಬಂದು ತಡೆಯುವಂತೆ ಮಾಡಿ, 1975ರ ಆಗಸ್ಟ್ 15ರಂದು ಬಿಡುಗಡೆ ಮಾಡಿದರು. ಮೂಲ ಅಂತ್ಯವಿರುವ ಪ್ರತಿಯನ್ನು 2025ರಲ್ಲಿ ಇಟಲಿಯ ಬೊಲೊನ್ಯಾದಲ್ಲಿ ತೋರಿಸಿದಾಗ ಐವತ್ತು ವರ್ಷವಾಗಿತ್ತು. ಪೆಕಿನ್‌ಪಾನ ಸಿನಿಮಾಗಳನ್ನು ಕತ್ತರಿಸಿದ್ದು ದುಡ್ಡು, ಸಿಪ್ಪಿಯವರದ್ದನ್ನು ಕತ್ತರಿಸಿದ್ದು ಸರ್ಕಾರ. ಆದರೆ ಯಾವ ಅಂತ್ಯ ಇಟ್ಟರೂ ‘ಶೋಲೆ’ಯಲ್ಲಿ ಹಿಂಸೆ ಎಂಬುದು ಗಬ್ಬರನಿಂದ ಊರಿಗೆ ಬಂದ ಕಾಯಿಲೆ. ಅವನು ಹೋದರೆ ಊರು ಗುಣವಾಗುತ್ತದೆ. ಮಕ್ಕಳು ಇರುವೆ ಸುಡುವ ಊರಿಗೆ ಆ ಔಷಧಿ ನಡೆಯುವುದಿಲ್ಲ.

ನೀರಿನ ಮಾತು ಬಂತಲ್ಲ. ಪೆಕಿನ್‌ಪಾನನ್ನು ‘ರಕ್ತದ ನಿರ್ದೇಶಕ’ ಎಂದು ಕರೆದವರು ಅವನ ‘ದಿ ಬ್ಯಾಲಡ್ ಆಫ್ ಕೇಬಲ್ ಹೋಗ್’ (1970) ನೋಡಿಲ್ಲ, ನೋಡಿದ್ದರೂ ಮರೆತಿದ್ದಾರೆ. ಕೇಬಲ್ ಹೋಗ್‌ನನ್ನು ಜೊತೆಗಾರರಿಬ್ಬರು ನೀರು ಕಿತ್ತುಕೊಂಡು ಮರುಭೂಮಿಯಲ್ಲಿ ಬಿಟ್ಟುಹೋಗುತ್ತಾರೆ. ದಿನಗಟ್ಟಲೆ ನಡೆಯುತ್ತಾನೆ, ದೇವರ ಹತ್ತಿರ ಮೊದಲು ಬೇಡುತ್ತಾನೆ, ಆಮೇಲೆ ಜಗಳಕ್ಕೆ ನಿಲ್ಲುತ್ತಾನೆ. ಇನ್ನೇನು ಸತ್ತ ಅನ್ನುವಾಗ ಬೂಟಿಗೆ ಕೆಸರು ಮೆತ್ತಿದ್ದು ಕಾಣುತ್ತದೆ. ತೋಡಿದರೆ ನೀರು. ಆ ಜಾಗದಲ್ಲಿ ಎರಡೆಕರೆ ತನ್ನ ಹೆಸರಿಗೆ ಬರೆಸಿಕೊಂಡು, ಕುದುರೆಗಾಡಿಯ ಪ್ರಯಾಣಿಕರಿಗೆ ನೀರು ಮಾರಿ ಬದುಕುತ್ತಾನೆ. ಹತ್ತು ಸೆಂಟು ಕೊಡಲು ಒಪ್ಪದ ಮೊದಲ ಗಿರಾಕಿ ಗುಂಡಿಗೆ ಸಾಯುತ್ತಾನೆ.

ನಮ್ಮೂರು ಶೆಟ್ಟಿಕೆರೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ಕಡೆ ತೆಂಗು ಬಿಟ್ಟರೆ ಬದುಕಿಲ್ಲ, ನೀರು ಬಿಟ್ಟರೆ ತೆಂಗಿಲ್ಲ. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ತೋಟದಲ್ಲಿ ನಡೆದಾಡಿ, ಕಾಯಿ ಎದ್ದು ನಿಂತ ಕಡೆ ಪಾಯಿಂಟ್ ಗುರುತು ಮಾಡುವವರು ಈಗಲೂ ಇದ್ದಾರೆ. ಅವರು ಹೇಳಿದ ಕಡೆ ಸಾವಿರ ಅಡಿ ಕೊರೆಸಿ ಬರೀ ಧೂಳು ಕಂಡವರೂ ಇದ್ದಾರೆ. ಬೇಸಿಗೆಯಲ್ಲಿ ಊರಿಗೆ ಹೋದಾಗ ಲ್ಯಾಪ್‌ಟಾಪಿನಲ್ಲಿ ಈ ಸಿನಿಮಾ ಹಾಕಿಕೊಂಡಿದ್ದೆ. ಅಟ್ಟದಿಂದ ಕೊಬ್ಬರಿ ಇಳಿಸಿ ಬಂದ ಅಪ್ಪ ಪಕ್ಕದಲ್ಲಿ ಕೂತರು.

“ಎಷ್ಟಡಿಗೆ ಬಿತ್ತವ್ವ ಅವನಿಗೆ ನೀರು?”

“ಮೇಲೇ ಸಿಕ್ತು ಕಣಪ್ಪ, ಒಂದೆರಡು ಅಡಿ.”

“ಹಂಗಾದ್ರೆ ಸುಳ್ಳು ಕತೆ ಬಿಡು.”

ಆದರೂ ಎದ್ದು ಹೋಗಲಿಲ್ಲ. ಹೋಗ್ ಆ ಗಿರಾಕಿಗೆ ಗುಂಡು ಹೊಡೆದಾಗ ಮಾತ್ರ, “ನೀರು ಅಂದ್ರೆ ಹಂಗೇ ಕಣವ್ವ” ಅಂದರು. ನಾನು ಓದಿದ ಯಾವ ಪುಸ್ತಕವೂ ಆ ದೃಶ್ಯವನ್ನು ಇಷ್ಟು ಸಲೀಸಾಗಿ ಬಿಡಿಸಿಕೊಟ್ಟಿರಲಿಲ್ಲ. ಅದನ್ನು ಎಲ್ಲರೂ ತಮಾಷೆಯ ದೃಶ್ಯವೆಂದು ಬರೆಯುತ್ತಾರೆ. ನಾಲೆ ನೀರಿಗೆ ರಾತ್ರಿ ಗುದ್ದಲಿ ಹಿಡಿದು ಕಾವಲು ಕೂತವರಿಗೆ ಅದರಲ್ಲಿ ತಮಾಷೆ ಕಾಣುವುದು ಕಷ್ಟ. ಕೊನೆಗೆ ಹೋಗ್‌ನನ್ನು ಕೊಲ್ಲುವುದು ಬಂದೂಕಲ್ಲ, ಮರುಭೂಮಿಗೆ ಬಂದ ಮೋಟಾರು ಕಾರು. ಇಳಿಜಾರಿನಲ್ಲಿ ಉರುಳಿ ಅವನ ಮೇಲೆ ಹಾಯುತ್ತದೆ. ಕಾರು ಬಂದ ಮೇಲೆ ಯಾರಿಗೂ ಆ ನೀರಿನ ಹತ್ತಿರ ನಿಲ್ಲುವ ಅಗತ್ಯವಿಲ್ಲ.

‘ಜೂನಿಯರ್ ಬಾನರ್’ (1972) ಕೂಡ ಇದೇ ಗುಂಪಿನದು. ಸ್ಟೀವ್ ಮೆಕ್ವೀನ್ ಗೂಳಿ ಸವಾರಿಯ ಆಟಗಾರ. ಊರಿಗೆ ಬಂದು ನೋಡಿದರೆ ಅಪ್ಪನ ಮನೆಯನ್ನು ಬುಲ್ಡೋಜರ್ ಕೆಡವುತ್ತಿದೆ. ಜಮೀನು ಮಾಡಿಸಿಕೊಂಡು ಸೈಟು ಮಾರುತ್ತಿರುವವನು ಸ್ವಂತ ತಮ್ಮ. ಅಣ್ಣತಮ್ಮಂದಿರ ನಡುವೆ ಒಂದು ಹೊಡೆತ ಬೀಳುತ್ತದೆ, ಅಷ್ಟೆ. ತಮ್ಮನೂ ಕೆಟ್ಟವನಲ್ಲ, ಅಮ್ಮನನ್ನು ನೋಡಿಕೊಳ್ಳುತ್ತಿರುವವನು ಅವನೇ. ಹೆದ್ದಾರಿ ಅಗಲವಾಗುವಾಗ ಫಲ ಬಿಡುವ ತೆಂಗಿನ ಮರಗಳು ಸಾಲಾಗಿ ಉರುಳಿದ್ದನ್ನು, ಪರಿಹಾರದ ದುಡ್ಡು ಹಂಚಿಕೊಳ್ಳುವಾಗ ಅಣ್ಣತಮ್ಮಂದಿರು ಮಾತು ಬಿಟ್ಟದ್ದನ್ನು ನಮ್ಮ ಸೀಮೆಯಲ್ಲಿ ನೋಡಿದವರಿಗೆ ಈ ಸಿನಿಮಾದ ಅರ್ಧ ಮಾತು ಮೊದಲೇ ಗೊತ್ತಿರುತ್ತದೆ. ಗುಂಡು ಹಾರದ ಈ ಸಿನಿಮಾ ಓಡಲಿಲ್ಲ. ಯಾರಿಗೂ ಗುಂಡು ತಗುಲದ ಸಿನಿಮಾ ಮಾಡಿದರೆ ನೋಡಲೂ ಯಾರೂ ಬರಲಿಲ್ಲ ಎಂದು ಪೆಕಿನ್‌ಪಾ ಹೇಳಿಕೊಳ್ಳುತ್ತಿದ್ದ.

ಇನ್ನು ತಪ್ಪಿಸಿಕೊಳ್ಳಲಾಗದ ಸಿನಿಮಾಕ್ಕೆ ಬರೋಣ. 1971ರ ‘ಸ್ಟ್ರಾ ಡಾಗ್ಸ್’ ವೆಸ್ಟರ್ನ್ ಅಲ್ಲ, ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ನಡೆಯುತ್ತದೆ. ಆದರೆ ಮನೆಯ ಬಾಗಿಲಲ್ಲಿ ನಿಂತು ಗಂಡು ಶತ್ರುಗಳನ್ನು ತಡೆಯುವ ಅದರ ಕೊನೆ ಮಾತ್ರ ಅಪ್ಪಟ ವೆಸ್ಟರ್ನಿನದು. ಅಮೆರಿಕದ ಗಣಿತಜ್ಞ ಡೇವಿಡ್ (ಡಸ್ಟಿನ್ ಹಾಫ್‌ಮನ್) ಹೆಂಡತಿ ಏಮಿಯ (ಸೂಸನ್ ಜಾರ್ಜ್) ಊರಿಗೆ ಬಂದಿದ್ದಾನೆ. ಊರ ಗಂಡಸರು ಅವನನ್ನು ಬೇಟೆಯ ನೆಪದಲ್ಲಿ ಕಾಡಿಗೆ ಕಳಿಸಿ, ಏಮಿಯ ಮೇಲೆ ಅತ್ಯಾಚಾರ ಮಾಡುತ್ತಾರೆ. ಮೊದಲನೆಯವನು ಅವಳ ಹಳೆಯ ಗೆಳೆಯ. ಆ ದೃಶ್ಯದಲ್ಲಿ ಪ್ರತಿರೋಧ ಮೆಲ್ಲಗೆ ಸಮ್ಮತಿಯಾಗಿ ಬದಲಾದಂತೆ ತೋರಿಸಿದ್ದಾನೆ ಪೆಕಿನ್‌ಪಾ. ಎರಡನೆಯವನ ವಿಷಯದಲ್ಲಿ ಆ ಗೊಂದಲವಿಲ್ಲ, ಬರೀ ನೋವು. ಪೆಕಿನ್‌ಪಾನನ್ನು ಮೆಚ್ಚುತ್ತಿದ್ದ ವಿಮರ್ಶಕಿ ಪಾಲಿನ್ ಕೇಲ್ ಕೂಡ ಇದನ್ನು ಫ್ಯಾಸಿಸ್ಟ್ ಕಲಾಕೃತಿ ಎಂದು ಕರೆದಳು. ಬ್ರಿಟನ್ನಿನಲ್ಲಿ 1984ರಿಂದ 2002ರವರೆಗೆ ಇದರ ವಿಡಿಯೊ ಸಿಗುತ್ತಿರಲಿಲ್ಲ. ಅಮೆರಿಕದಲ್ಲಿ ಎರಡನೆಯ ಅತ್ಯಾಚಾರವನ್ನು ಕತ್ತರಿಸಿದ್ದರು. ಕತ್ತರಿಸಿದ ಮೇಲೆ ಉಳಿದದ್ದು ಮೊದಲನೆಯದು, ಅಂದರೆ ಅತ್ಯಂತ ಆಕ್ಷೇಪಾರ್ಹವಾದದ್ದೇ. ಕೊನೆಗೆ ಬ್ರಿಟಿಷ್ ಮಂಡಳಿ ಪೂರ್ತಿ ಪ್ರತಿಗೆ ಒಪ್ಪ ಕೊಟ್ಟಿದ್ದು, ಪೂರ್ತಿ ನೋಡಿದರೆ ಆಕೆ ಇದನ್ನು ಬಯಸಲಿಲ್ಲವೆಂಬುದು ಸ್ಪಷ್ಟ ಎಂಬ ಕಾರಣಕ್ಕೆ.

ಪೂರ್ತಿ ನೋಡಿದರೂ ನನಗೆ ಆ ಮೊದಲ ದೃಶ್ಯ ಒಪ್ಪಿಗೆಯಾಗುವುದಿಲ್ಲ. ಎಲ್ಸಾಳ ಮದುವೆಯಲ್ಲಿ ಹುಡುಗಿಯ ಕಣ್ಣಲ್ಲಿದ್ದ ಕ್ಯಾಮೆರಾ ಇಲ್ಲಿ ಗಂಡಿನ ಹೆಗಲ ಮೇಲೆ ಹೋಗಿ ಕೂತಿದೆ. ಹೆಣ್ಣಿಗೆ ಒಳಗೊಳಗೇ ಇಷ್ಟವಿರುತ್ತದೆ ಎಂಬ ಹಳೆಯ ಸುಳ್ಳಿಗೆ ತನ್ನೆಲ್ಲ ಕೌಶಲ ಕೊಟ್ಟಿದೆ. ಅದನ್ನು ‘ಸಂಕೀರ್ಣತೆ’ ಎಂದು ಬರೆದ ಪ್ರಬಂಧಗಳನ್ನು ಓದಿದ್ದೇನೆ. ಸಂಕೀರ್ಣ ಎಂಬ ಪದವನ್ನು ಎಷ್ಟು ಕೆಲಸಕ್ಕೆ ದುಡಿಸುತ್ತಾರೋ.

ಆದರೆ ಅದೇ ಸಿನಿಮಾದಲ್ಲಿ ಮುಂದೆ ಚರ್ಚಿನ ಕೂಟವೊಂದಿದೆ. ಊರವರೆಲ್ಲ ಸೇರಿದ್ದಾರೆ, ಗದ್ದಲ, ನಗು, ಮಕ್ಕಳ ತುತ್ತೂರಿ. ಅತ್ಯಾಚಾರ ಮಾಡಿದವರೂ ಅಲ್ಲೇ ಇದ್ದಾರೆ. ಏಮಿ ಗಂಡನ ಪಕ್ಕದಲ್ಲಿ ಕೂತಿದ್ದಾಳೆ. ಅರೆಕ್ಷಣದ ತುಣುಕುಗಳಾಗಿ ಆ ಮಧ್ಯಾಹ್ನ ಮತ್ತೆ ಮತ್ತೆ ಬಂದು ಅವಳನ್ನು ತಿವಿಯುತ್ತದೆ. ಸಾವನ್ನು ಉದ್ದವಾಗಿಸಿದ ಅದೇ ಸಂಕಲನ ಇಲ್ಲಿ ಮುಗಿಯದ ಹಿಂಸೆ ಎಂದರೇನು ಎಂಬುದನ್ನು ಕಾಣಿಸುತ್ತದೆ. ಪಕ್ಕದಲ್ಲಿ ಕೂತ ಗಂಡನಿಗೆ ಏನೂ ಗೊತ್ತಾಗುವುದಿಲ್ಲ. ಸಿನಿಮಾ ಮುಗಿದರೂ ಗೊತ್ತಾಗುವುದಿಲ್ಲ. ಇಷ್ಟನ್ನು ಕಂಡವನು ಕೊನೆಯ ಅರ್ಧ ಗಂಟೆಯಲ್ಲಿ ಎಲ್ಲವನ್ನೂ ಡೇವಿಡ್‌ನ ಮನೆ, ಡೇವಿಡ್‌ನ ಗಂಡಸುತನದ ಕತೆಯಾಗಿ ತಿರುಗಿಸಿಬಿಡುತ್ತಾನೆ. ಏಮಿಯ ಪಾಲಿಗೆ ಬಂದದ್ದು ಏನು ಎಂದು ಕೇಳುವವರಿಲ್ಲ. ನನ್ನ ದೂರು ಇದು. ಅವನಿಗೆ ಗೊತ್ತಿರಲಿಲ್ಲ ಎಂದಾದರೆ ಬಿಟ್ಟು ಮುಂದೆ ಹೋಗಬಹುದಿತ್ತು. ಗೊತ್ತಿತ್ತು.

‘ದಿ ವೈಲ್ಡ್ ಬಂಚ್’ನಲ್ಲೂ ಈ ಬಿರುಕು ಇದೆ. ಕೊನೆಯ ಕಾಳಗದಲ್ಲಿ ಡಚ್ ಒಬ್ಬ ಹೆಂಗಸನ್ನು ಗುರಾಣಿಯಂತೆ ಮುಂದೆ ಹಿಡಿಯುತ್ತಾನೆ. ಪೈಕ್‌ಗೆ ಬೆನ್ನ ಹಿಂದಿನಿಂದ ಗುಂಡು ಹಾಕಿದ ಹೆಂಗಸನ್ನು ಅವನು ಬೈದು ಕೊಲ್ಲುತ್ತಾನೆ. ಗಂಡಸರ ಸಾವಿಗೆ ಸಿಗುವ ನಿಧಾನ, ಆ ವಿದಾಯ, ಇವರಿಗಿಲ್ಲ.

ಬದುಕಿನಲ್ಲೂ ಅವನು ಒಳ್ಳೆಯವನಾಗಿರಲಿಲ್ಲ. ಕುಡಿತ, ಆಮೇಲೆ ಕೊಕೇನ್, ಜೊತೆಗಿದ್ದ ಹೆಂಗಸರ ಮೇಲೆ ಕೈ ಮಾಡಿದ್ದು, ಎಲ್ಲವೂ ಜೀವನಚರಿತ್ರೆಗಳಲ್ಲಿವೆ. ಅಭಿಮಾನಿಗಳು ಇದನ್ನು ಪ್ರತಿಭೆಯ ಬೆಲೆ ಎನ್ನುತ್ತಾರೆ. ಬೆಲೆ ತೆತ್ತವರು ಬೇರೆಯವರು ಎಂಬುದನ್ನು ಮರೆಯುತ್ತಾರೆ. 1974ರ ‘ಬ್ರಿಂಗ್ ಮಿ ದಿ ಹೆಡ್ ಆಫ್ ಆಲ್ಫ್ರೆಡೊ ಗಾರ್ಸಿಯಾ’ ಆದಮೇಲೆ ಇಳಿಜಾರು. ಅದನ್ನೊಂದೇ ತಾನಂದುಕೊಂಡಂತೆ ಮಾಡಿದ್ದು ಎನ್ನುತ್ತಿದ್ದ. 1978ರ ಲಾರಿ ಡ್ರೈವರುಗಳ ಸಿನಿಮಾ ‘ಕಾನ್ವಾಯ್’ ಎಲ್ಲಕ್ಕಿಂತ ಹೆಚ್ಚು ದುಡ್ಡು ಮಾಡಿತು, ಅದರಲ್ಲಿ ಅವನು ಕಾಣುವುದೇ ಇಲ್ಲ. 1979ರಲ್ಲಿ ಹೃದಯಾಘಾತ. 1984ರ ಡಿಸೆಂಬರ್ 28ರಂದು ತೀರಿಕೊಂಡಾಗ 59 ವರ್ಷ.

ಹಾಗಾದರೆ ಯಾಕೆ ನೋಡುತ್ತೀಯ ಎಂದರೆ, ನಾನು ‘ಪ್ಯಾಟ್ ಗ್ಯಾರೆಟ್ ಆ್ಯಂಡ್ ಬಿಲ್ಲಿ ದಿ ಕಿಡ್’ನ (1973) ಒಂದು ದೃಶ್ಯವನ್ನು ತೋರಿಸುತ್ತೇನೆ. ಎಂಜಿಎಂನವರು ಅವನ ಕೈಯಿಂದ ಕಿತ್ತುಕೊಂಡು ಮೊಟಕು ಮಾಡಿದ ಸಿನಿಮಾ, ಅವನು ಸತ್ತ ಮೇಲೆ, 1988ರಲ್ಲಿ, ಬಹುಪಾಲು ಮರಳಿ ಬಂತು. ಹಳೆಯ ಗೆಳೆಯ ಬಿಲ್ಲಿಯನ್ನು ಕೊಲ್ಲಲು ಹೊರಟ ಗ್ಯಾರೆಟ್ ದಾರಿಯಲ್ಲಿ ಷರೀಫ್ ಬೇಕರ್‌ನ ಮನೆಗೆ ಬರುತ್ತಾನೆ. ಬೇಕರ್ (ಸ್ಲಿಮ್ ಪಿಕೆನ್ಸ್) ಅಂಗಳದಲ್ಲಿ ದೋಣಿ ಕಟ್ಟುತ್ತಿದ್ದಾನೆ, ಈ ಸೀಮೆ ಬಿಟ್ಟು ತೇಲಿಕೊಂಡು ಹೋಗುವ ಆಸೆ. ಮನಸ್ಸಿಲ್ಲದ ಮನಸ್ಸಿನಿಂದ ಗ್ಯಾರೆಟ್ ಜೊತೆ ಹೊರಡುತ್ತಾನೆ. ಜೊತೆಗೆ ಅವನ ಹೆಂಡತಿಯೂ ಬರುತ್ತಾಳೆ, ಕೈಯಲ್ಲಿ ಬಂದೂಕು. ಆ ಪಾತ್ರ ಮಾಡಿದವಳು ಮೆಕ್ಸಿಕೊದ ನಟಿ ಕೇಟಿ ಹುರಾಡೊ. ಗುಂಡಿನ ಕಾಳಗದಲ್ಲಿ ಅವಳು ಗಂಡಸರಿಗಿಂತ ಚುರುಕು. ಬೇಕರ್‌ಗೆ ಹೊಟ್ಟೆಗೆ ಗುಂಡು ಬೀಳುತ್ತದೆ. ಅವನು ಎದ್ದು ಮೆಲ್ಲಗೆ ನೀರಿನ ಕಡೆ ನಡೆಯುತ್ತಾನೆ. ಬೆಳಕು ಇಳಿಯುತ್ತಿದೆ. ಅವಳು ಬಂದೂಕು ಕೆಳಗೆ ಬಿಟ್ಟು ಹಿಂದೆ ಓಡುತ್ತಾಳೆ, ಆದರೆ ಹತ್ತಿರ ಹೋಗುವುದಿಲ್ಲ. ಒಂದಷ್ಟು ದೂರದಲ್ಲೇ ಮಂಡಿಯೂರಿ ಕೂರುತ್ತಾಳೆ. ಅವನು ನೀರು ನೋಡುತ್ತಾನೆ, ಅವಳು ಅವನನ್ನು ನೋಡುತ್ತಾಳೆ. ಇಬ್ಬರೂ ಮಾತಾಡುವುದಿಲ್ಲ. ಕೊಲ್ಲಲು ಹೊರಟಿದ್ದ ಗ್ಯಾರೆಟ್ ಹಿಂದೆ ಎಲ್ಲೋ ನಿಂತಿದ್ದಾನೆ. ಪೆಕಿನ್‌ಪಾ ಅವಳ ಮುಖಕ್ಕೆ ಬರುತ್ತಾನೆ, ಅಲ್ಲಿಂದ ಬೇಗ ಹೊರಡುವುದಿಲ್ಲ. ತೇವವಾದ ಆ ಕೆನ್ನೆ, ನಗಲು ನೋಡಿ ಆಗದ ಆ ತುಟಿ, ಹಿಂದೆ ಕಂದುತ್ತಿರುವ ಆಕಾಶ.